ದಿನಕ್ಕೆ ಆರು ತಾಸು ತಬಲಾ ರಿಯಾಜ್ ಮಾಡಿದರೂ ಯಾರೂ ಕಾರ್ಯಕ್ರಮಕ್ಕೆ ಕರೆಯುತ್ತಿಲ್ಲ, ಇನ್ನೇನು ಮಾಡಲಿ?

ಊರು ವಿಜಯಪುರ, ವಯಸ್ಸು ಇಪ್ಪತ್ತೆರಡು, ವಿಶಾರದ ಪರೀಕ್ಷೆ ಮುಗಿದಿದೆ, ರಿಯಾಜ್ ಎಂಟು ತಾಸಿಗೆ ಏರಿಸಲೋ ಬೆಂಗಳೂರಿಗೆ ಹೋಗಲೋ ಅಂತ ಕೇಳಿದ್ದೀಯ. 2009ರಲ್ಲಿ ನಾನೂ ಹೀಗೇ ಇದ್ದೆ. ವಯಸ್ಸಿನಲ್ಲಿ ದೊಡ್ಡವನು, ತಮ್ಮಾ ಅಂತಲೇ ಕರೆಯುತ್ತೇನೆ.

ಆ ಶ್ರಾವಣದಲ್ಲಿ ಮುಧೋಳದ ಕಡೆಯ ಒಂದು ಮಠದಲ್ಲಿ ನಾಲ್ಕು ಸೋಮವಾರ ಸಂಗೀತ ಇಟ್ಟಿದ್ದರು. ವಾರಕ್ಕೊಬ್ಬರು ಗಾಯಕರು, ನಾಲ್ಕಕ್ಕೂ ತಬಲಾ ನನ್ನದೇ. ಫೋನ್ ಬಂದಾಗ ನಾನು ಕೇಳಿದ್ದು ಎರಡೇ ಮಾತು: ಎಷ್ಟು ಕೊಡ್ತೀರಿ, ಊಟ-ವಸ್ತಿ ಐತೇನ್ರೀ. ಎರಡು ವಾರ ಕೈ ನೋಯುವಷ್ಟು ಕಾಯದಾ, ರೇಲಾ ಅಂತ ಸೋಲೋದ ಸಾಮಗ್ರಿಯನ್ನೇ ಬಾರಿಸಿದೆ. ಮೊದಲ ಸೋಮವಾರ ಏಳಕ್ಕೆ ಕಾರ್ಯಕ್ರಮ, ಬಾಗಲಕೋಟೆಯಿಂದ ಬಸ್ಸು ಹಿಡಿದು ಮಠ ಮುಟ್ಟಿದಾಗ ಪೌಣೆ ಏಳು. ವೇಳೆಗೆ ಸರಿಯಾಗಿ ಬಂದೆ ಅಂತಲೇ ನನ್ನ ಲೆಕ್ಕ.

ಹಾಡುವವರು ಐವತ್ತರ ಹತ್ತಿರದ ಅಕ್ಕ, ಧಾರವಾಡದಿಂದ ಬಂದಿದ್ದರು. ತಂಬೂರಿ ಶ್ರುತಿ ಮಾಡಿಕೊಂಡು ಕೂತಿದ್ದರು.

"ಯಾವ ತಬಲಾ ತಂದೀಯಪ್ಪಾ?"

"ಕರಿ ಒಂದರದು ರೀ ಅಕ್ಕಾರ."

"ನನ್ನ ಪಟ್ಟಿ ಕರಿ ನಾಕು. ಫೋನ್ ಮಾಡಿ ಒಂದ್ ಮಾತು ಕೇಳಬಾರದಾಗಿತ್ತೇನು?"

ಈ ತಪ್ಪನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾವ ಪರೀಕ್ಷೆಯಲ್ಲೂ ನನಗೆ ಯಾರೂ ಕೇಳಿರಲಿಲ್ಲ. ಕರಿ ಅಂದರೆ ಹಾರ್ಮೋನಿಯಂನ ಕಪ್ಪು ಮನೆ, ಪಟ್ಟಿ ಅಂದರೆ ಹಾಡುವವರು ಷಡ್ಜ ಹಿಡಿಯುವ ಮನೆ. ಕ್ಲಾಸಿನಲ್ಲಿ ನಾವೆಲ್ಲ ಗಂಡುಹುಡುಗರು, ಹಾರ್ಮೋನಿಯಂ ಮೇಲೆ ತಾಳ ತೋರಿಸುವ ಲೆಹರಾ ಯಾವಾಗಲೂ ಕರಿ ಒಂದರಲ್ಲೇ. ತಬಲಾ ಅಂದರೆ ಕರಿ ಒಂದು ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ಹೆಣ್ಣುಮಕ್ಕಳು ಹೆಚ್ಚಾಗಿ ಕರಿ ನಾಲ್ಕು, ಕರಿ ಐದರ ಸುತ್ತಮುತ್ತ ಹಾಡುತ್ತಾರೆ. ಆ ಷಡ್ಜಕ್ಕೆ ಶ್ರುತಿ ಮಾಡಲು ಆರು ಇಂಚಿನ ದೊಡ್ಡ ಬಾಯಿಯ ತಬಲಾ ಬೇಕು. ನನ್ನದು ಐದೂವರೆ ಇಂಚಿಂದು. ಕರಿ ನಾಲ್ಕು ಷಡ್ಜವಾದರೆ ಕರಿ ಒಂದು ಅವರ ಶುದ್ಧ ಮಧ್ಯಮ ಆಗುತ್ತದೆ. ಮಾಲಕಂಸ ರಾಗ ಹಾಡಿದ್ದರೆ ನನ್ನ ತಬಲಾ ಹಾಗೇ ನಡೆದುಹೋಗುತ್ತಿತ್ತು, ಅದರಲ್ಲಿ ಪಂಚಮವೇ ಇಲ್ಲ, ತಬಲಾವನ್ನು ಮಧ್ಯಮಕ್ಕೆ ಇಡುವುದು ರೂಢಿ. ಅವತ್ತು ಅವರು ತೆಗೆದುಕೊಂಡದ್ದು ಯಮನ್. ಯಮನ್‌ದು ತೀವ್ರ ಮಧ್ಯಮ. ಅದರ ಪಕ್ಕದಲ್ಲಿ ಪ್ರತಿ 'ತಾ'ಕ್ಕೂ ಶುದ್ಧ ಮಧ್ಯಮ ಗುಂಯ್ ಅಂದರೆ ಹಾಡುವವರ ಗತಿ ಏನು, ನೀನೇ ಯೋಚಿಸು. ಉಳಿದ ದಾರಿ ಒಂದೇ, ತಬಲಾವನ್ನು ಕರಿ ಎರಡಕ್ಕೆ, ಅಂದರೆ ಅವರ ಪಂಚಮಕ್ಕೆ ಏರಿಸುವುದು.

ಹೊರಗೆ ಜಿಟಿಜಿಟಿ ಮಳೆ, ಥಂಡಿಗೆ ಚರ್ಮ ಮೊದಲೇ ಸಡಿಲಾಗಿತ್ತು. ಬದಿಯ ಮರದ ಗಟ್ಟಾ ಹೊಡೆದೆ, ಅಂಚಿನ ಚರ್ಮದ ಹೆಣಿಕೆ ಗಜರಾ ಸುತ್ತ ಹಾತೋಡಿ, ಅಂದರೆ ಶ್ರುತಿಯ ಸುತ್ತಿಗೆ, ಆಡಿಸಿದೆ. ಜನ ಬಂದು ಕೂತಿದ್ದರು, ಸ್ವಾಮಿಗಳೂ ಬಂದರು. ಮೈಕ್ ಚಾಲೂ ಇತ್ತು, ನನ್ನ ಹಾತೋಡಿಯ ಸದ್ದು ಇಡೀ ಮಠಕ್ಕೆ ಕೇಳುತ್ತಿತ್ತು. ಇನ್ನೊಂದು ಪೆಟ್ಟು, ಸ್ವರ ಸಿಕ್ಕೇಬಿಟ್ಟಿತು ಅನ್ನುವಾಗ ಅಂಚಿನ ಚಾಟಿಯ ಪಕ್ಕದಲ್ಲಿ ಪುಡಿ, ಅಂದರೆ ತಬಲಾದ ಮೇಲಿನ ಚರ್ಮ, ಪಟ್ಟನೆ ಹರಿಯಿತು. ಬೆರಳುದ್ದ ಸೀಳು. ಬೇರೆ ತಬಲಾ ನನ್ನ ಹತ್ತಿರ ಇರಲಿಲ್ಲ.

ಮಠದ ಭಜನಾ ಮಂಡಳಿಯ ತಬಲಾ ತಂದುಕೊಟ್ಟರು, ಅದು ಯಾವ ಸ್ವರಕ್ಕೂ ನಿಲ್ಲದಂಥದ್ದು. ಅಕ್ಕ ಬರೀ ತಂಬೂರಿ ಮೇಲೆ ಹತ್ತು ನಿಮಿಷ ಆಲಾಪ ಮಾಡಿ, ನಿಧಾನ ಲಯದ ಬಡಾ ಖ್ಯಾಲ್ ಬಿಟ್ಟು, ವಚನಗಳಿಗೆ ಬಂದರು. ಒಂದು ಬಿರುಸು ಮಾತು ಆಡಲಿಲ್ಲ. ಪಾಕೀಟಿನಲ್ಲಿ ಪೂರ್ತಿ ದುಡ್ಡು ಕೊಟ್ಟರು. ಮುಂದಿನ ಮೂರು ಸೋಮವಾರಕ್ಕೆ ಬೇರೆಯವರನ್ನು ಕರೆಸಿದರು.

ಹೋದದ್ದು ಮೂರು ಸೋಮವಾರ ಅಷ್ಟೇ ಅಲ್ಲ. ನನ್ನ ಬಗ್ಗೆ ಯಾರಾದರೂ ಕೇಳಿದರೆ ಅಕ್ಕ "ಕೈ ಛಲೋ ಐತಿ, ಆದ್ರ..." ಅಂತ ಅಲ್ಲಿಗೇ ನಿಲ್ಲಿಸುತ್ತಿದ್ದರಂತೆ. ಆ 'ಆದ್ರ' ಧಾರವಾಡ, ಗದಗ, ಜಮಖಂಡಿ ಎಲ್ಲ ಕಡೆ ತಿರುಗಿತು. ಎರಡು ವರ್ಷ ಒಬ್ಬ ದೊಡ್ಡ ಗಾಯಕರೂ ನನ್ನನ್ನು ಸಾಥ್‌ಗೆ ಕರೆಯಲಿಲ್ಲ.

ಹಾಗಾಗಿ ನಿನ್ನ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಆರು ತಾಸು ಎಂಟಾದರೆ ಕರೆ ಬರುವುದಿಲ್ಲ. ಆರು ತಾಸಿನಲ್ಲಿ ಬರೀ ಠೇಕಾ, ಅಂದರೆ ತಾಳದ ಮೂಲ ಬೋಲು, ಎಷ್ಟು ಹೊತ್ತು ಬಾರಿಸುತ್ತೀಯ, ಹೇಳು? ನೀನು ಬರೆದ ರಿಯಾಜಿನ ಯಾದಿಯಲ್ಲಿ ಪೇಶಕಾರ, ಕಾಯದಾ, ಗತ್, ಚಕ್ರದಾರ ಅಂತ ಸೋಲೋದ್ದೆಲ್ಲ ಇವೆ. ನಿಧಾನ ಹಾಡಿಗೆ ಬೇಕಾದ ವಿಲಂಬಿತ ಏಕತಾಲ ಇಲ್ಲ. ಅತಿವಿಲಂಬಿತದಲ್ಲಿ ಹನ್ನೆರಡು ಮಾತ್ರೆಯ ಒಂದು ಆವರ್ತನೆಗೆ ಮುಕ್ಕಾಲು ನಿಮಿಷ ಹಿಡಿಯುತ್ತದೆ. ಅದನ್ನು ಅರ್ಧ ತಾಸು, ಒಂದು ಬೋಲ್ ಹೆಚ್ಚಿಸದೆ, ಲಯ ಏರಿಸದೆ ಬಾರಿಸಿ ನೋಡು. ಐದು ನಿಮಿಷಕ್ಕೇ ಬೆರಳು ಏನಾದರೂ ತುಂಬಲು ಹವಣಿಸುತ್ತವೆ. ಆ ಹವಣಿಕೆ ಅಡಗಿಸುವುದೇ ಸಾಥಿಯ ರಿಯಾಜ್. ಸೋಲೋ ಬಾರಿಸುವ ಅವಕಾಶ ವರ್ಷಕ್ಕೆ ಒಂದೋ ಎರಡೋ, ಉಳಿದದ್ದೆಲ್ಲ ಇನ್ನೊಬ್ಬರ ಹಾಡಿಗೆ ನೆಲ ಹಾಸುವ ಕೆಲಸ.

ಭಜನೆ, ನಾಟಕಕ್ಕೆ ಹೋದರೆ ಕೈ ಕೆಡುತ್ತದೆ ಅಂತ ನಿಮ್ಮ ಗುರುಗಳು ಹೇಳಿದ್ದಾರೆ ಅಂದೆ. ದೊಡ್ಡವರ ಮಾತು, ಆದರೂ ನಾನು ಒಪ್ಪುವುದಿಲ್ಲ. ಮಲ್ಲಿಕಾರ್ಜುನ ಮನಸೂರರು ಹುಡುಗರಿದ್ದಾಗ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿದ್ದರು. ಅಲ್ಲಿ ಅವರ ಹಾಡು ಕೇಳಿಯೇ ಮಿರಜದ ನೀಲಕಂಠಬುವಾ ಶಿಷ್ಯನನ್ನಾಗಿ ಕರೆದುಕೊಂಡದ್ದು. ಗದಗಿನ ಆಶ್ರಮ ನಡೆಸಲು ಪುಟ್ಟರಾಜ ಗವಾಯಿಗಳು ನಾಟಕ ಕಂಪನಿಯನ್ನೇ ಕಟ್ಟಿದರು. ನನ್ನನ್ನು ತಿದ್ದಿದ್ದೂ ನಾಟಕವೇ. ಆ ಪುಡಿ ಹರಿದ ಮೇಲೆ ಬಂದ ಬನದ ಹುಣ್ಣಿಮೆಗೆ, ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಠಿಕಾಣಿ ಹೂಡಿದ್ದ ಒಂದು ಕಂಪನಿಗೆ ಸೇರಿದೆ. ದಿನಕ್ಕೆ ಎರಡು ಆಟ, ಸುಮಾರು ಒಂದು ತಿಂಗಳು. ಜ್ವರ ಬಂದರೂ ಆಟ ಶುರುವಾಗುವ ಮೂರನೇ ಗಂಟೆ ಬಾರಿಸುವಷ್ಟರಲ್ಲಿ ಕೂತಿರಲೇಬೇಕು. ಹಾಡುವ ಪಾತ್ರಧಾರಿ ನೆಗಡಿಯಾಗಿ ಅರ್ಧ ಸ್ವರ ಇಳಿಸಿದರೆ, ನಗೆಪಾತ್ರದವನು ಮಾತು ಉದ್ದ ಮಾಡಿದರೆ, ಅವರ ಮುಖ ನೋಡಿ ತಿಳಿದುಕೊಳ್ಳಬೇಕು. ಅಲ್ಲಿ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರು ಪರದೆ ಏಳುವ ಒಂದು ತಾಸು ಮೊದಲೇ ಬಂದು, ತಬಲಾ ಶ್ರುತಿ ಮಾಡಿಸಿ, ಚಹಾ ಕುಡಿಸಿ, ಇವತ್ತು ಯಾರ ದನಿ ಹೇಗಿದೆ ಅಂತ ಹೇಳುತ್ತಿದ್ದರು. ಅವರಿಂದಲೇ ನನಗೆ ನೋಟಬುಕ್ಕಿನ ರೂಢಿ ಬಂತು.

ಈಗ ಫೋನ್ ಬಂದರೆ ದುಡ್ಡಿಗಿಂತ ಮೊದಲು ಕೇಳುವುದು ಯಾರು ಹಾಡ್ತಾರೆ, ಯಾವ ಪಟ್ಟಿ, ನಾನು ಎಷ್ಟೊತ್ತಿಗೆ ಬಂದು ಕೂತಿರಬೇಕು. ಆಮೇಲೆ ಗಾಯಕರಿಗೇ ಒಂದು ಫೋನ್. ನೋಟಬುಕ್ಕಿನಲ್ಲಿ ಪ್ರತಿಯೊಬ್ಬರ ಪಟ್ಟಿ, ವಿಲಂಬಿತ ಎಷ್ಟು ನಿಧಾನ, ತಬಲಾಕ್ಕೆ ಜಾಗ ಬಿಡುತ್ತಾರೋ ಇಲ್ಲವೋ, ಎಲ್ಲ ಬರೆದಿದ್ದೇನೆ. ಚೀಲದಲ್ಲಿ ಮೂರು ತಬಲಾ, ಎಡಗೈಯ ಒಂದು ಡಗ್ಗಾ, ಭಾರ ಆಗುತ್ತದೆ, ಹೊರುತ್ತೇನೆ. ಒಬ್ಬರಿಗೆ ತಾರೀಖು ಕೊಟ್ಟ ಮೇಲೆ ಇನ್ನೊಬ್ಬರು ದುಪ್ಪಟ್ಟು ಕೊಟ್ಟರೂ ಹೋಗುವುದಿಲ್ಲ.

ಬೆಂಗಳೂರಿನ ಮಾತು ಈಗ ಬೇಡ. ನಿಮ್ಮ ಓಣಿಯ ಭಜನಾ ಮಂಡಳಿಗೆ ಈ ಸೋಮವಾರವೇ ಹೋಗು. ಉಳಿಸಿದ ದುಡ್ಡಿನಲ್ಲಿ ಆರು ಇಂಚಿನ ತಬಲಾ ಕೊಂಡುಕೋ, ಎರಡು ತಾಸು ರಿಯಾಜ್ ಕಡಿಮೆ ಮಾಡಿ ಆ ಹೊತ್ತಿನಲ್ಲಿ ಯಾರಾದರೂ ಹಾಡುವವರ ಜೊತೆ ಕೂತುಕೋ.

2016ರಲ್ಲಿ ಬೆಳಗಾವಿಯ ಒಂದು ಕಾರ್ಯಕ್ರಮಕ್ಕೆ ಅದೇ ಅಕ್ಕ ಹಾಡುವವರಿದ್ದರು, ತಬಲಾಕ್ಕೆ ನನ್ನ ಹೆಸರು ಬಂತು. ಪಟ್ಟಿ ಗೊತ್ತೇ ಇತ್ತು, ಏಳು ವರ್ಷದಿಂದ ಮರೆತಿರಲಿಲ್ಲ. ಆದರೂ ಹಿಂದಿನ ದಿನ ಫೋನ್ ಮಾಡಿದೆ.

"ಅಕ್ಕಾರ, ಕರಿ ನಾಕು ಅಲ್ರೀ?"

"ವಯಸ್ಸಾತು ತಮ್ಮಾ, ಈಗ ಕರಿ ಮೂರಕ್ಕ ಇಳಿದೇನಿ. ಕೇಳಿದ್ದು ಭಾಳ ಛಲೋ ಆತು."

ಅವತ್ತು ರಾತ್ರಿಯೇ ಇನ್ನೂ ದೊಡ್ಡ ಬಾಯಿಯ ತಬಲಾವನ್ನು ಗೆಳೆಯನ ಮನೆಯಿಂದ ತಂದು ಕರಿ ಮೂರಕ್ಕೆ ಇಳಿಸಿಟ್ಟೆ. ಮರುದಿನ ಅವರು ಯಮನ್ ಹಾಡಿದರು, ವಿಲಂಬಿತವೇ ಮುಕ್ಕಾಲು ತಾಸು.