ಕಾಲದ ಮೇಲೆ ಕೂತವರು ಯಾರು?

ಶಿರಸಿಯ ಓದುಗರೊಬ್ಬರು ಬರೆದಿದ್ದಾರೆ: "ನಾಲ್ಕನೇ ಕ್ಲಾಸಿನ ಮಗಳಿಗೆ ಇಂಗ್ಲಿಷ್ ಕಥೆ ಓದಿಸ್ತಾ ಇದ್ದೆ. 'ಒನ್ಸ್ ಅಪಾನ್ ಎ ಟೈಮ್' ಬಂತು. ಒನ್ಸ್ ಅಂದ್ರೆ ಒಂದು ಸಲ, ಅಪಾನ್ ಅಂದ್ರೆ ಮೇಲೆ, ಟೈಮ್ ಅಂದ್ರೆ ಕಾಲ. ಹಾಗಾದ್ರೆ ಕಾಲದ ಮೇಲೆ ಕೂತವರು ಯಾರು ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ."

ಮಗಳ ಪ್ರಶ್ನೆ ಸರಿಯಾಗಿಯೇ ಇದೆ. 'ಆನ್ ಮಂಡೇ' ಅಂತ ಈಗಲೂ ಹೇಳ್ತಾರಲ್ಲ, ಆ 'ಆನ್' ಇದ್ದ ಕಡೆ ಹಿಂದೆ 'ಅಪಾನ್' ಕೂಡ ಬರುತ್ತಿತ್ತು. 'ಟೈಮ್' ಅಂದರೆ ಇಲ್ಲಿ ಒಂದು ಸಂದರ್ಭ, ಅಷ್ಟೆ. 14ನೇ ಶತಮಾನದ ಕೊನೆಯ ಹೊತ್ತಿಗೇ ಈ ಬಗೆಯ ಮಾತು ಇಂಗ್ಲಿಷ್ ಕಾವ್ಯದಲ್ಲಿ ಸಿಗುತ್ತದೆ. ಅದೇ ಕಾಲದ ಇಂಗ್ಲಿಷ್ ಕವಿ ಚಾಸರ್ ತನ್ನ ವೀರಯೋಧನ ಕಥೆಯನ್ನು 'ವೈಲಮ್' ಅಂತ ಶುರು ಮಾಡಿದ. ಅರ್ಥ ಹೆಚ್ಚುಕಮ್ಮಿ ಇದೇ. ಆ ಪದವನ್ನು ಈಗ ಯಾರೂ ಆಡುವುದಿಲ್ಲ, ಇದು ಉಳಿದುಕೊಂಡಿತು. ಬಿಡಿಬಿಡಿಯಾಗಿ ನೋಡಿದರೆ ಅರ್ಥ ಕೈಗೆ ಸಿಗದು, ಇಡಿಯಾಗಿ ಒಂದೇ ಪದ ಅಂದುಕೊಳ್ಳಿ. ನಮ್ಮ 'ಒಂದಾನೊಂದು' ಕೂಡ ಹಾಗೇ ಅಲ್ವಾ?

ಈ ಮಾತು ಯಾವಾಗ ಅಂತ ಹೇಳುವುದೇ ಇಲ್ಲ. ಇಸವಿ ಕೇಳಬೇಡಿ, ಸುಮ್ನೆ ಕೇಳಿ ಅನ್ನುತ್ತದೆ. ಐರಿಷ್ ಲೇಖಕ ಜೇಮ್ಸ್ ಜಾಯ್ಸ್ 1916ರಲ್ಲಿ ಪುಸ್ತಕವಾಗಿ ಬಂದ ತನ್ನ ಮೊದಲ ಕಾದಂಬರಿಯನ್ನು ಇದರಿಂದಲೇ ಶುರು ಮಾಡಿದ. ದೊಡ್ಡವರ ಪುಸ್ತಕ, ಮಕ್ಕಳ ಮಾತು. ಮರುಕ್ಷಣವೇ ದಾರಿಯಲ್ಲೊಂದು ಅಂಬಾ ಬರುತ್ತದೆ! ಅಪ್ಪ ಪುಟ್ಟ ಮಗನಿಗೆ ಹೇಳುತ್ತಿರುವ ಕಥೆ ಅದು. ಹುಡುಗ ಬೆಳೆದ ಹಾಗೆ ಪುಸ್ತಕದ ಭಾಷೆಯೂ ಬೆಳೆಯುತ್ತದೆ. ಕೊನೆಗೆ ಅವನೇ ಬರೆದ ದಿನಚರಿ, ಒಂದೊಂದಕ್ಕೂ ತಾರೀಖು. ತಾರೀಖೇ ಇಲ್ಲದ ಕಾಲದಿಂದ ಹೊರಟು ಅಲ್ಲಿಗೆ ಮುಟ್ಟುತ್ತಾನೆ. ನನಗಂತೂ ಇದು ಬಲು ಇಷ್ಟ.

ನಮ್ಮ ಗೋವಿನ ಹಾಡಿನಲ್ಲೂ ಹಸುವಿದೆ, ಆದರೆ ಶುರುವಾಗುವುದು 'ಧರಣಿ ಮಂಡಲ ಮಧ್ಯದೊಳಗೆ' ಅಂತ. ಕಾಲದ ಸುದ್ದಿಯೇ ಇಲ್ಲ, ಮೊದಲು ಜಾಗ. ಅಜ್ಜಿಯರೂ 'ಒಂದೂರಲ್ಲಿ ಒಬ್ಬ ರಾಜ ಇದ್ದ' ಅಂತಲೇ ತಾನೇ ಶುರು ಮಾಡ್ತಿದ್ದದ್ದು?

ಅನುವಾದ ಮಾಡುವವರಿಗೆ ಒಂದು ಮಾತು. ಇಂಗ್ಲಿಷಿನವರು ಇದನ್ನು ಕಥೆಯ ಹೊರಗೂ ಬಳಸುತ್ತಾರೆ, ಸ್ವಲ್ಪ ತಮಾಷೆಗೆ, ಸ್ವಲ್ಪ ಬೇಸರಕ್ಕೆ. ಅಲ್ಲಿ 'ಒಂದು ಕಾಲದಲ್ಲಿ' ಸಾಕು. ನಮಗೆ ಬಂದ ಒಂದು ಅನುವಾದದಲ್ಲಿ 'ಒಂದಾನೊಂದು ಕಾಲದಲ್ಲಿ ನನ್ನ ಹತ್ತಿರ ಸ್ಕೂಟರ್ ಇತ್ತು' ಅಂತಿತ್ತು. ಹಿಂದಿನ ಸೀಟಿನಲ್ಲಿ ರಾಜಕುಮಾರಿ ಇರಬಹುದೇನೋ ಅಂತ ಮುಂದೆ ಓದಿದೆ. ಇರಲಿಲ್ಲ.

ಅಂದ ಹಾಗೆ, 'ಒಂದಾನೊಂದು' ನಡುವಿನ ಆ 'ಆನ್' ಏನು ಅಂತ ಮಗಳು ಕೇಳುವುದು ಖಂಡಿತ. ತಯಾರಾಗಿರಿ.

-ಸಂ.