ಸಾಫ್ಟ್‌ವೇರ್‌ನವರ ಅಜೈಲ್ ವಿಧಾನ ಸರ್ಕಾರದ ನೀತಿಗೂ ಒಗ್ಗುತ್ತದೆಯೇ?

ಒಗ್ಗುತ್ತದೆ, ಆದರೆ ಎಲ್ಲ ಕಡೆ ಅಲ್ಲ. ನಮ್ಮ ದೇಶದ 2021-22ರ ಆರ್ಥಿಕ ಸಮೀಕ್ಷೆಯೇ ಕೋವಿಡ್ ಕಾಲದ ನೀತಿಯನ್ನು ಅಜೈಲ್ ಎಂದು ಕರೆದಿತ್ತು. ಮುಂದೇನು ಅಂತ ಯಾರಿಗೂ ಗೊತ್ತಿಲ್ಲದಾಗ ಐದು ವರ್ಷದ ಯೋಜನೆ ಬರೆದು ಏನು ಪ್ರಯೋಜನ, ಅಲ್ವಾ? ಅಜೈಲ್ ಅಂದರೆ ಚಿಕ್ಕ ಹೆಜ್ಜೆ ಇಡುವುದು, ಫಲ ನೋಡುವುದು, ತಿದ್ದುವುದು. ಇಷ್ಟೇ.

ಸಣ್ಣ ಉದ್ಯಮಗಳ ಸಾಲಕ್ಕೆ ಸರ್ಕಾರವೇ ಹೊಣೆ ನಿಂತ ತುರ್ತು ಸಾಲ ಖಾತರಿ ಯೋಜನೆ ನೋಡಿ. 2020ರ ಮೇನಲ್ಲಿ 3 ಲಕ್ಷ ಕೋಟಿ ರೂಪಾಯಿಯ ಮಿತಿಯಿಂದ ಶುರುವಾಯಿತು. ಪೆಟ್ಟು ಬೇರೆಯವರಿಗೂ ಬಿದ್ದಿದೆ ಅಂತ ಕಂಡಾಗ ಆಸ್ಪತ್ರೆಗಳನ್ನು ಸೇರಿಸಿದರು, ಆಮೇಲೆ ಹೋಟೆಲ್, ಪ್ರವಾಸದವರನ್ನೂ. ಮಿತಿ 4.5 ಲಕ್ಷ ಕೋಟಿಗೆ, 2022ರ ಬಜೆಟ್‌ನಲ್ಲಿ 5 ಲಕ್ಷ ಕೋಟಿಗೆ ಏರಿತು.

ಇದಕ್ಕೆ ಬೇಕಾದದ್ದು ತಾಜಾ ಲೆಕ್ಕ. ಜಿಡಿಪಿ ಅಂಕಿ ಮೂರು ತಿಂಗಳಿಗೊಮ್ಮೆ ಬರುತ್ತದೆ, ಅದೂ ತಡವಾಗಿ. ಹಾಗಾಗಿ ವಿದ್ಯುತ್ ಬಳಕೆ, ಇ-ವೇ ಬಿಲ್ (ಸರಕು ಸಾಗಿಸಲು ಬೇಕಾದ ಆನ್‌ಲೈನ್ ದಾಖಲೆ), ಯುಪಿಐ ವ್ಯವಹಾರ ನೋಡಬೇಕಾಗುತ್ತದೆ.

ಅಣೆಕಟ್ಟನ್ನು ಮಾತ್ರ ಹೀಗೆ ಕಟ್ಟಲು ಆಗುವುದಿಲ್ಲ. ತೆರಿಗೆಯಲ್ಲೂ ಹುಷಾರು: 2017ರ ಜುಲೈನಲ್ಲಿ ಬಂದ ಜಿಎಸ್‌ಟಿ ದರಗಳನ್ನು ನವೆಂಬರ್‌ನಲ್ಲೇ ದೊಡ್ಡದಾಗಿ ಬದಲಿಸಿದರು. ತಿದ್ದಿದ್ದು ಒಳ್ಳೆಯದೇ. ಆದರೆ ಪ್ರತಿ ಸಲ ಬಿಲ್ಲಿಂಗ್ ಬದಲಿಸಿಕೊಳ್ಳುವ ತಲೆನೋವು ಅಂಗಡಿಯವರದ್ದು.