‘ಯಾವ ಕಾಲ ಮಾಡುತ್ತದೆ?’

ಪ್ರಶ್ನೆ: ಆರು ತಿಂಗಳಿನಿಂದ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಹವಾಮಾನ ಹೇಗಿದೆ ಎನ್ನಲು ‘ಕೆ ತಿಯೆಂಪೊ ಆಸೆ?’ ಎಂದು ಪಾಠದಲ್ಲಿದೆ. ನಿಘಂಟಿನಲ್ಲಿ ‘ತಿಯೆಂಪೊ’ ಎಂದರೆ ಕಾಲ, ‘ಆಸೆ’ ಎಂದರೆ ಮಾಡುತ್ತದೆ. ಇದರಿಂದ ಹವಾಮಾನ ಹೇಗೆ ಬಂತು? ಇನ್ನೊಂದು: ನನಗೆ ಸೆಕೆಯಾಗುತ್ತಿದೆ ಎನ್ನಲು ‘ಎಸ್ತೊಯ್ ಕಲಿಯೆಂತೆ’ ಎಂದಾಗ ಜೊತೆಗೆ ಕಲಿಯುವ ಗೆಳತಿ ಗಾಬರಿಯಿಂದ ತಡೆದಳು. ಏಕೆ?

ಉತ್ತರ: ಎರಡನೆಯದನ್ನೇ ಮೊದಲು ಹೇಳುತ್ತೇನೆ, ಅದು ತುರ್ತಿನದು. ನೀವು ಆಡಿದ ಮಾತಿಗೆ ‘ನನಗೆ ಕಾಮೋದ್ರೇಕವಾಗಿದೆ’ ಎಂಬ ಅರ್ಥ ಬರುತ್ತದೆ. ಸೆಕೆಗೆ ‘ತೆಂಗೊ ಕಲೋರ್’, ಚಳಿಗೆ ‘ತೆಂಗೊ ಫ್ರಿಯೊ’ ಎನ್ನಬೇಕು. ‘ನನ್ನ ಬಳಿ ಸೆಕೆ ಇದೆ, ಚಳಿ ಇದೆ’ ಎಂದ ಹಾಗೆ. ಈ ತಪ್ಪನ್ನು ನನ್ನ ತರಗತಿಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ, ಪ್ರತಿ ಸಲವೂ ಸಂಕಟವಾಗುತ್ತದೆ. ಏಕೆಂದರೆ ಇದು ಇಂಗ್ಲಿಷಿನ ದಾರಿ ಹಿಡಿದಿದ್ದರಿಂದ ಆದದ್ದು. ಕನ್ನಡದಲ್ಲಿ ನಾವು ಎಂದಾದರೂ ‘ನಾನು ಬಿಸಿಯಾಗಿದ್ದೇನೆ’ ಎನ್ನುತ್ತೇವೆಯೇ? ‘ನನಗೆ ಸೆಕೆ’ ಎನ್ನುತ್ತೇವೆ. ಸೆಕೆ ನಮ್ಮ ಗುಣವಲ್ಲ, ನಮಗೆ ಒದಗಿ ಬಂದದ್ದು. ಸ್ಪ್ಯಾನಿಷ್ ಭಾಷೆಯೂ ಹಾಗೆಯೇ ಯೋಚಿಸುತ್ತದೆ.

‘ತಿಯೆಂಪೊ’ ಕೂಡ ಕನ್ನಡದ ಕಡೆಯಿಂದ ನೋಡಿದರೆ ಒಗಟಲ್ಲ. ಮಳೆಗಾಲ, ಚಳಿಗಾಲ ಎನ್ನುವಾಗ ಕಾಲದೊಳಗೇ ಹವೆಯನ್ನು ಸೇರಿಸಿಬಿಡುತ್ತೇವಲ್ಲ. ಹೊಸದು ಎಂದರೆ ‘ಆಸೆ’ ಮಾತ್ರ. (ನಮ್ಮ ‘ಆಸೆ’ಯಂತೆಯೇ ಉಚ್ಚರಿಸಿ, ಲ್ಯಾಟಿನ್ ಅಮೆರಿಕದಲ್ಲಿ ಸರಿಹೋಗುತ್ತದೆ, ಸ್ಪೇನಿನ ಹೆಚ್ಚಿನ ಭಾಗಗಳಲ್ಲಿ ನಾಲಗೆಯ ತುದಿ ಹಲ್ಲುಗಳ ನಡುವೆ ಬರುತ್ತದೆ.) ನಾವು ಬಿಸಿಲು ಕಾಯುತ್ತದೆ, ಗಾಳಿ ಬೀಸುತ್ತದೆ ಎಂದು ಒಂದೊಂದಕ್ಕೂ ಒಂದೊಂದು ಕ್ರಿಯಾಪದ ಹುಡುಕುತ್ತೇವೆ, ಅವರು ‘ಆಸೆ ಸೋಲ್’, ‘ಆಸೆ ಬಿಯೆಂತೊ’, ‘ಆಸೆ ಫ್ರಿಯೊ’ ಎಂದು ಒಂದರಲ್ಲೇ ಮುಗಿಸುತ್ತಾರೆ. ಮಾಡುವವರು ಯಾರು ಎಂದು ಕೇಳಬೇಡಿ, ಅಲ್ಲಿ ಕರ್ತೃವೇ ಇಲ್ಲ.

ನಮ್ಮವರು ಎಡವುವುದು ‘ತುಂಬಾ’ ಎಂಬಲ್ಲಿ. ಅದಕ್ಕೆ ನಾಮಪದದ ಜೊತೆ ‘ಮುಚೊ’, ಗುಣವಾಚಕದ ಜೊತೆ ‘ಮುಯ್’ ಬರುತ್ತದೆ. ‘ಕಲೋರ್’ ನಾಮಪದ, ಆದ್ದರಿಂದ ‘ಆಸೆ ಮುಚೊ ಕಲೋರ್’, ‘ಮುಯ್’ ಸಲ್ಲದು. ಮೋಡ ಕವಿದಿದ್ದರೆ ‘ಎಸ್ತಾ ನುಬ್ಲಾದೊ’. ಅದು ಗುಣವಾಚಕ, ಅಲ್ಲಿ ‘ಮುಯ್’ ನಡೆಯುತ್ತದೆ. ಮಂಜು ಮುಸುಕಿದ್ದರೆ ‘ಆಯ್ ನಿಯೆಬ್ಲಾ’.

ಮಳೆಗೆ ‘ಯುವೆಬೆ’ ಎಂಬ ಒಂದೇ ಪದ ಸಾಕು. ಧಾರಾಕಾರವಾಗಿ ಸುರಿದರೆ ‘ಯುವೆಬೆ ಆ ಕಾಂತರೋಸ್’ ಎನ್ನುತ್ತಾರೆ. ‘ಕಾಂತರೊ’ ಎಂದರೆ ಮಣ್ಣಿನ ಕೊಡ. ಕೊಡದಲ್ಲಿ ಹೊಯ್ದಂತೆ ಮಳೆ! ಈ ಮಾತು ಮೊದಲ ಸಲ ಕಿವಿಗೆ ಬಿದ್ದ ದಿನ ಆ ಭಾಷೆ ನನಗೆ ನೆಂಟನಾಯಿತು. ಪೆರು ದೇಶದ ಲಿಮಾ ನಗರದ ಚಳಿಗಾಲದ ತುಂತುರಿಗೆ ‘ಗರೂವಾ’ ಎಂಬ ಪ್ರತ್ಯೇಕ ಹೆಸರೇ ಇದೆ.

ಲ್ಯಾಟಿನ್ ಅಮೆರಿಕದಲ್ಲಿ ‘ಕೋಮೊ ಎಸ್ತಾ ಎಲ್ ಕ್ಲೀಮಾ?’ ಎಂದೂ ಕೇಳುತ್ತಾರೆ, ಅದನ್ನೂ ಕಲಿತಿರಿ. ‘ಇನ್ಬಿಯೆರ್ನೊ’ ಎಂದರೆ ಚಳಿಗಾಲ ಎಂದು ನಿಮ್ಮ ಪುಸ್ತಕದಲ್ಲಿರುತ್ತದೆ. ಸ್ಪೇನಿಗೆ ಅದು ನಿಜ. ಆದರೆ ಕೋಸ್ಟರಿಕಾದಲ್ಲಿ ಮೇ ತಿಂಗಳಿನಿಂದ ನವೆಂಬರ್‌ವರೆಗಿನ ಮಳೆಗಾಲವನ್ನೇ ಹಾಗೆ ಕರೆಯುತ್ತಾರೆ. ಅಲ್ಲಿನವರು ಆ ಪದ ಬಳಸಿದರೆ ಸ್ವೆಟರ್ ಬೇಡ, ಕೊಡೆ ತೆಗೆದುಕೊಳ್ಳಿ.